ಸಾಹೇಬರ ಇಡಿಯಮ್

ಪ್ರಿಯದರ್ಶಿನಿಯ ಕುರ್ಚಿಯಲ್ಲಿ ಬೇರೆ ಯಾರೋ ಹುಡುಗಿ ಕೂತು, ಅವಳದೇ ಕಂಪ್ಯೂಟರಿನಲ್ಲಿ ತೊಗರಿಬೇಳೆಯ ಬಿಲ್ಲು ಮಾಡುತ್ತಿದ್ದಳು. ಅವ್ವನ ಕಣ್ಣಿನ ಆಪರೇಷನ್ ಮುಗಿಸಿ, ಕಮಲಾಪುರದಿಂದ ಮೊದಲ ಬಸ್ಸು ಹಿಡಿದು ಕಪನೂರಿನ ದಾಲ್ ಮಿಲ್ಲಿಗೆ ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ನೆಟ್ಟಗೆ ಮ್ಯಾನೇಜರ್ ಧೀರೇಂದ್ರರ ಕೋಣೆಗೆ ನುಗ್ಗಿದಳು.

"ರಜಾ ಕೊಟ್ಟು ಕಳಿಸಿ ಇದೇನ್ ಮಾಡೀರಿ ಸರ್?"

"ರಜಾ ಎಲ್ಲಿ ಕೊಟ್ಟೀನಿ? ಮೆಸೇಜು ಓದಿಲ್ಲೇನು?"

ಮೆಸೇಜು ಅವಳಿಗೆ ಬಾಯಿಪಾಠವಾಗಿತ್ತು. ರಜೆ ಕೇಳಿದ್ದಕ್ಕೆ ಅವರು 'ವಿ ಹ್ಯಾವ್ ಟು ಲೆಟ್ ಯು ಗೋ' ಎಂದು ಬರೆದಿದ್ದರು. ಲೆಟ್ ಅಂದರೆ ಬಿಡು, ಗೋ ಅಂದರೆ ಹೋಗು. ಹೋಗಲು ಬಿಟ್ಟರೆಂದು ತಿಳಿದು, ಕೈಮುಗಿದ ಚಿತ್ರ ಸಮೇತ 'ಥ್ಯಾಂಕ್ಯೂ ಸೋ ಮಚ್ ಸರ್' ಎಂದು ಉತ್ತರ ಹಾಕಿದ್ದಳು. ಪಗಾರ ಹೆಚ್ಚಬೇಕಾದರೆ ಇಂಗ್ಲಿಷ್ ಕಲಿ ಎಂದವರೂ ಇವರೇ. ಆ ಮಾತು ನಂಬಿ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಅರಿವೆ ಅಂಗಡಿಯ ಮೇಲಿನ ಕ್ಲಾಸಿಗೆ ಸೇರಿ, ಬಸ್ಸಿನಲ್ಲಿ ನಿಂತುಕೊಂಡೇ ಗಿವ್ ಅಪ್, ಗಿವ್ ಇನ್ ಎಂದು ಉರು ಹೊಡೆದಿದ್ದಳು.

"ಅದು ಇಡಿಯಮ್ ಅದ. ಶಬ್ದಕ್ಕ ಶಬ್ದ ಅರ್ಥ ಮಾಡಬಾರದು. ನಿಮ್ಮ ಕ್ಲಾಸಿನ್ಯಾಗ ಅಲ್ಲಿತನಕ ಬಂದಿಲ್ಲೇನು?" ಎಂದು ಧೀರೇಂದ್ರ ತುಸು ನಕ್ಕರು.

ಕೆಲಸದಿಂದ ಕಿತ್ತುಹಾಕುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ನಯವಾದ ಮಾತಿದೆಯೆಂದು ಅವಳಿಗೆ ತಿಳಿದದ್ದು ಆಗಲೇ. ಮೈಯೆಲ್ಲ ಉರಿದುಹೋಯಿತು.

"ನಾ ಥ್ಯಾಂಕ್ಯೂ ಅಂದಾಗರ ನಿಮಗ ಗೊತ್ತಾಗಿಲ್ಲೇನ್ರಿ, ನಾ ತಪ್ಪು ತಿಳಕೊಂಡೀನಿ ಅಂತ?"

"ಗೊತ್ತಾತು. ಮತ್ತ ಯಾಕ ರಗಳೆ ಅಂತ ಸುಮ್ಮನಿದ್ದೆ."

"ಹಂಗಾದ್ರ ಈಗ ಕನ್ನಡದಾಗ ಹೇಳ್ರಿ."

"ನೋಡು... ಮ್ಯಾನೇಜ್‌ಮೆಂಟ್ ಡಿಸಿಷನ್ ಅದು. ಕಾಸ್ಟ್ ಕಟಿಂಗ್..."

ಕಲಬುರಗಿಯಲ್ಲೇ ಹುಟ್ಟಿ ಬೆಳೆದು, ಹಮಾಲರನ್ನು ದಿನಬೆಳಗಾದರೆ ಅಚ್ಚ ಕನ್ನಡದಲ್ಲಿ ಬೈಯುವ ಮನುಷ್ಯನಿಗೆ ಈಗ ಬಾಯಿಗೆ ಇಂಗ್ಲಿಷೇ ಬರುತ್ತಿತ್ತು. ಪ್ರಿಯದರ್ಶಿನಿ ಮನೆಗೆ ಫೋನು ಹಚ್ಚಿ, ಸ್ಪೀಕರ್ ಹಾಕಿ, ಮೇಜಿನ ಮೇಲೆ ಕುಕ್ಕಿದಳು.

"ನಮ್ಮವ್ವಗ ಇಂಗ್ಲಿಷ್ ಬರಂಗಿಲ್ಲ. ಅಕಿಗಿ ಹೇಳ್ರಿ."

"ಸಾಹೇಬ್ರು ಅದಾರೇನ?" ಅವ್ವ ದುಂಡಮ್ಮನ ದನಿ ಹಿಗ್ಗಿನಿಂದ ಬಂತು. "ನೀವು ಮಗಳಿಗಿ ಬಿಟ್ಟು ಕಳಿಸಿದ್ರಿ, ನನಗ ಕಣ್ಣು ಬಂದ್ವು ನೋಡ್ರಿ. ನಿಮ್ಮ ಮಕ್ಕಳು ಮರಿ ತಣ್ಣಗಿರಲಿ."

ಧೀರೇಂದ್ರ ಫೋನನ್ನು ಮೆಲ್ಲಗೆ ಪ್ರಿಯದರ್ಶಿನಿಯ ಕಡೆಗೆ ಸರಿಸಿದರು.

"ಯಾಕ ಮಾತಾಡವಲ್ರಲ್ಲ? ಲೈನ್ ಕಟ್ಟಾತೇನ?"

"ಲೈನ್ ಅದ ಯವ್ವಾ," ಎಂದಳು ಪ್ರಿಯದರ್ಶಿನಿ, ಅವರ ಮುಖದಿಂದ ಕಣ್ಣು ಕೀಳದೆ. "ಸಾಹೇಬ್ರು ಕನ್ನಡ ಹುಡುಕ್ಲಾಕತ್ತಾರ."