ಅಮ್ಮ ಬಾಗಿಲಲ್ಲಿ ಕೇಳಿದ್ದು

ಊಟಕ್ಕೆ ಕೂರುವ ಮೊದಲು ನನ್ನ ಮಗಳು ಹಲ್ಲಿನಿಂದ ಕಳಚಿಡುವ ಹಲ್ಲು ಸಾಲಿಗೆ ತರುವ ಗಾಜಿನಂಥ ಅಲೈನರ್ ಕಂಡಾಗಲೆಲ್ಲ ಕೋಲಾರದ ಆ ಮಧ್ಯಾಹ್ನ ನೆನಪಾಗುತ್ತದೆ.

ನನ್ನ ಉಬ್ಬುಹಲ್ಲಿಗೆ ಡಾಕ್ಟರು ಆಗಷ್ಟೇ ತಂತಿ ಬಿಗಿದಿದ್ದರು. ತುಟಿಯ ಒಳಭಾಗ ತರಚುತ್ತಿತ್ತು, ಬಾಯೆಲ್ಲ ಕಬ್ಬಿಣದ ರುಚಿ. ಗಟ್ಟಿಯಾದದ್ದೇನೂ ಕಚ್ಚಬಾರದು ಎಂದರು.

"ಮುದ್ದೆ?" ಅಮ್ಮ ಕೇಳಿದಳು.

"ಅದನ್ನ ಯಾರಮ್ಮ ಅಗೀತಾರೆ? ನುಂಗ್ಲಿ ಬಿಡಿ."

ಅಮ್ಮ ನಕ್ಕಳು. ನಕ್ಕಾಗಲೆಲ್ಲ ಆಗುವಂತೆ ಸೆರಗು ಬಾಯಿಗೆ ಬಂತು. ನನ್ನ ಹಲ್ಲು ಅವಳದೇ ಅಚ್ಚು.

ಮುಳಬಾಗಿಲಿನ ಬಸ್ಸಿಗೆ ಹೊತ್ತಾಗಿತ್ತು. ಆದರೂ ಬಾಗಿಲವರೆಗೆ ಹೋದವಳು ತಿರುಗಿ ನಿಂತಳು.

"ದೊಡ್ಡೋರಿಗೂ ಹಾಕ್ತೀರಾ ಡಾಕ್ಟ್ರೇ, ಇದನ್ನ?"

"ಹಾಕ್ತೀವಲ್ಲ. ಯಾರಿಗಮ್ಮ?"

"ಯಾರಿಗೂ ಇಲ್ಲ, ಸುಮ್ನೆ ಕೇಳ್ದೆ," ಎಂದಳು, ಸೆರಗಿನ ಮರೆಯಿಂದಲೇ.