ಕೆಂಪಿಗೆ ಕೆಂಪು, ಹಸಿರಿಗೆ ಹಸಿರು

"ಬಲ್ಬು ಚೆನ್ನಾಗೇ ಇದೆ. ಟ್ರಾನ್ಸ್‌ಫಾರ್ಮರ್ ಅಂತೂ ಇನ್ನೊಂದು ತಲೆಮಾರು ಬಾಳುತ್ತೆ," ಎಂದಳು ರೇಡಿಯೋ ಅಕ್ಕ, ಮೇಜಿನ ಕೆಳಗೆ ಅಂಗಾತ ಮಲಗಿಕೊಂಡೇ. ಹಳೇ ರೇಡಿಯೋ ರಿಪೇರಿಯವಳಿಗೆ ಆಟದ ರೈಲು ಹೊಸದು.

ಮೇಜಿನ ಮೇಲೆ, ಅಪ್ಪ ಐವತ್ತು ವರ್ಷದ ಹಿಂದೆ ಕಟ್ಟಿದ ಪುಟಾಣಿ ರೈಲುದಾರಿ. ಪರದೆ ಎಳೆದ ಮಧ್ಯಾಹ್ನದ ಮಬ್ಬಿನಲ್ಲಿ ಗೇಣುದ್ದದ ಸ್ಟೇಷನ್ನು, ಕಡ್ಡಿಯಷ್ಟು ದೀಪದ ಕಂಬಗಳು ಕನಸಿನಲ್ಲಿ ಕಂಡ ಊರಿನಂತೆ ಬೆಳಗುತ್ತಿದ್ದವು. ಒಂಟಿಕಣ್ಣಿನ ಸಿಗ್ನಲ್ ಮಾತ್ರ ಕುರುಡು. ಸಿಗ್ನಲ್ ಹತ್ತದೆ ರೈಲು ಬಿಡಕೂಡದು ಎಂಬುದು ಅಪ್ಪನ ಕಟ್ಟಪ್ಪಣೆ. ಆರಾಮಕುರ್ಚಿಯಲ್ಲಿ ಅರೆನಿದ್ದೆಯಲ್ಲೇ ಅವರು ಕಾಯುತ್ತಿದ್ದರು.

"ಹೇಗಾದ್ರೂ ಸರಿ ಮಾಡಿ," ಅಕ್ಕನನ್ನು ಕರೆಸಿದ್ದ ಅವರ ಮಗಳು ಪಿಸುಗುಟ್ಟಿದಳು. "ಅಪ್ಪ ನಿಜವಾದ ರೈಲು ಓಡಿಸಬೇಕಿತ್ತು. ನಾನು ಹುಟ್ಟಿದೆ ಅಂತ ಡ್ರೈವರ್ ಕೆಲಸಾನೇ ಬೇಡ ಅಂದ್ರಂತೆ. ಆ ಋಣಕ್ಕೆ ನಾನೂ ಇವರನ್ನ ಬಿಟ್ಟು ಎಲ್ಲೂ ಹೋಗಲಿಲ್ಲ."

"ಈ ವೈರು ಯಾರು ಜೋಡಿಸಿದ್ದು?"

"ನಾನೇ. ಧೂಳು ಹೊಡೆಯುವಾಗ ಬಿಚ್ಚಿಕೊಂಡ್ತು. ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಸೇರಿಸಿದೆ. ತಪ್ಪಾ?"

"ಬೇರೆ ಯಾರ ಮನೇಲಾದ್ರೂ ಸರಿ. ಇಲ್ಲಿ ನಿಮ್ಮಪ್ಪ ವೈರಿನ ತುದಿಗೆ ಗುರುತಿಗೆ ಹಾಕಿದ ಗಂಟು ನೋಡಬೇಕು. ಒಂದು ಗಂಟಿನ ವೈರಿಗೆ ಒಂದು ಗಂಟಿಂದು, ಎರಡಕ್ಕೆ ಎರಡು. ಬಣ್ಣ ಮಾತ್ರ ಕೈಗೆ ಸಿಕ್ಕಿದ್ದು ಹಾಕಿದ್ದಾರೆ!" ಅಕ್ಕ ತೆವಳಿಕೊಂಡು ಹೊರಬಂದು ದನಿ ತಗ್ಗಿಸಿದಳು. "ನಿಮ್ಮಪ್ಪನಿಗೆ ಕೆಂಪು ಹಸಿರು ಎರಡೂ ಒಂದೇ ಥರ ಕಾಣುತ್ತೆ ಕಣ್ರೀ. ಅಂಥವರಿಗೆ ರೈಲು ಕೊಡಲ್ಲ. ಕಣ್ಣಿನ ಪರೀಕ್ಷೆಯಲ್ಲೇ ಮನೆಗೆ ಕಳಿಸ್ತಾರೆ."

ಮಗಳು ಗಕ್ಕನೆ ಅಪ್ಪನತ್ತ ತಿರುಗಿದಳು. ಮದುವೆ ಬೇಡವೆಂದದ್ದು, ಪರವೂರಿನ ಕೆಲಸ ಬಿಟ್ಟದ್ದು, ಎಲ್ಲ ಒಂದು ಸುಳ್ಳಿಗೆ! ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ಅಕ್ಕ ಗಂಟಿಗೆ ಗಂಟು ಸೇರಿಸಿದ್ದಳು. ಸಿಗ್ನಲ್ ಕೆಂಪಗೆ ಹೊತ್ತಿಕೊಂಡಿತು.

"ಅಪ್ಪಾ, ದೀಪ ಯಾವ ಬಣ್ಣ? ಹೇಳಿ ನೋಡೋಣ."

ಅಪ್ಪ ಕಣ್ಣು ಬಿಟ್ಟರು. ದೀಪದ ಮೇಲೆ ನೋಟ ಅರೆಗಳಿಗೆಯೂ ನಿಲ್ಲಲಿಲ್ಲ. ಮಗಳ ಮುಖದಲ್ಲೇ ಉತ್ತರ ತಡಕಾಡಿದರು, ಪಾಠ ಬಾರದ ಮಗುವಿನ ಹಾಗೆ. ಇಷ್ಟು ವರ್ಷವೂ ಹೀಗೇ ಮುಖ ನೋಡಿ ಹೇಳುತ್ತಿದ್ದರಲ್ಲ! ಅವಳ ಸಿಟ್ಟು ಇಳಿದುಹೋಯಿತು. ತಡೆಯಲಾಗದೆ ನಕ್ಕುಬಿಟ್ಟಳು.

ಆ ನಗು ಕಂಡು ಅಪ್ಪನಿಗೆ ಧೈರ್ಯ ಬಂತು. "ಹಸಿರು," ಎಂದರು.

"ಹೌದಪ್ಪ," ಎನ್ನುತ್ತ ಮಗಳು ಬೆನ್ನ ಹಿಂದೆ ಕೈಚಾಚಿ, ಸದ್ದಾಗದಂತೆ ಸಿಗ್ನಲ್ಲಿನ ಸ್ವಿಚ್ ತಿರುಗಿಸಿ ಕೆಂಪನ್ನು ಹಸಿರು ಮಾಡಿದಳು.