ಕಳ್ಳ ಕುಬಸ

“ಕೈ ಸಡ್ಲ ಬಿಡವಾ ತಂಗಿ. ಹಿಂಗ ಬಿಗಿ ಹಿಡದ್ರ ಬಳಿ ಒಡೀತಾವು,” ಎಂದಳು ಬಳೆಗಾರ್ತಿ ಶೇವಂತಿ. ಅನುರಾಧಾಳ ಕೈ ಸಡಿಲವಾಗಲಿಲ್ಲ. ಆಗುವುದಾದರೂ ಹೇಗೆ? ಬಸಿರೇ ಇಲ್ಲದವಳಿಗೆ ಬಸುರಿಯ ಹಸಿರು ಬಳೆ ತೊಡಿಸುತ್ತಿದ್ದರು!

ಬೀರಪ್ಪ ದೇವರ ಒಕ್ಕಲಿನ ಆ ಮನೆಯಲ್ಲಿ ಮುಟ್ಟಾದವರು ದೇವರ ಕಂಬಳಿಯಿಟ್ಟ ನಡುಮನೆಗೆ ಬರುವಂತಿಲ್ಲ, ಹೊರಗೇ ಕೂಡಬೇಕು. ಸೊಸೆ ಅನುರಾಧಾ ಮೂರು ತಿಂಗಳಿಂದ ಹೊರಗೆ ಕೂತಿರಲಿಲ್ಲ. ಅತ್ತೆ ಮಾಯವ್ವನಿಗೆ ಇನ್ನೇನು ಬೇಕು? ಎರಡು ಹೆಣ್ಣಿನ ಮೇಲೆ ಈ ಸಲ ಗಂಡೇ ಎಂದು, ಚೊಚ್ಚಲಿಗೆ ಮೂರನೇ ತಿಂಗಳಲ್ಲಿ ಗುಟ್ಟಾಗಿ ಮಾಡುವ ಬಸುರಿ ಶಾಸ್ತ್ರ, ಕಳ್ಳ ಕುಬಸವನ್ನು ಮತ್ತೆ ಹೂಡಿಬಿಟ್ಟಳು. ಹೆಸರಿಗಷ್ಟೇ ಕಳ್ಳ ಕುಬಸ, ಸುದ್ದಿ ಹಿಪ್ಪರಗಿಯ ಓಣಿ ಓಣಿಗೂ ಹೋಗಿತ್ತು.

ಮುಟ್ಟು ನಿಂತದ್ದು ತೋಳಿನೊಳಗಿನ ಕಡ್ಡಿಯಿಂದ. ಮೂರು ವರ್ಷ ಮಕ್ಕಳಾಗದಿರಲೆಂದು ಮೀರಜಿನ ಡಾಕ್ಟರಮ್ಮ ಚರ್ಮದ ಕೆಳಗೆ ಇಟ್ಟದ್ದು. ಗಂಡ ಪರಮೇಶನಿಗೆ ಎಲ್ಲ ಗೊತ್ತು. ‘ಅವ್ವಗ ನಾ ಹೇಳ್ತೇನಿ’ ಎಂದಿದ್ದ ಆ ಹೇಡಿ, ಬೆಳಗಾಗುತ್ತಲೇ ಟ್ರ್ಯಾಕ್ಟರ್ ಏರಿ ಕಬ್ಬಿನ ಹೊಲ ಸೇರಿದ್ದ.

“ತಡಿ, ನಾ ಹಿಡೀತೇನಿ,” ಎಂದು ಮಾಯವ್ವ ಸೊಸೆಯ ತೋಳನ್ನು ಅಮುಕಿ ಹಿಡಿದಳು. ಅವಳ ಹೆಬ್ಬೆರಳು ಒಂದು ಕಡೆ ನಿಂತಿತು. ಮತ್ತೊಮ್ಮೆ ಒತ್ತಿ ನೋಡಿದಳು. ಮುಖ ಬಿಗಿಯಾಯಿತು.

“ಶೇವಂತಿ, ಒಲಿ ಮ್ಯಾಲ ಚಾ ಐತಿ, ಒಳಗ ಹೋಗಿ ಕುಡದ ಬಾ.”

ಬಳೆಗಾರ್ತಿ ಒಳಗೆ ಹೋದದ್ದೇ ತಡ, “ಏನಿದು?” ಎಂದಳು ಮಾಯವ್ವ.

“ಕಡ್ಡಿ ರೀ ಅತ್ತಿ. ಮಕ್ಕಳಾಗಬಾರದಂತ ಹಾಕಿಸ್ಕೊಂಡೇನ್ರಿ. ನಾ ಬಸರಿಲ್ಲರಿ.” ಅನುರಾಧಾಳಿಗೆ ಸುಳ್ಳು ಹೇಳುವ ಶಕ್ತಿಯೂ ಉಳಿದಿರಲಿಲ್ಲ.

“ಅಯ್ಯ ನನ್ನ ಕರ್ಮನ! ಓಣಿ ಮಂದಿಗೆ ಏನಂತ ಮಾರಿ ತೋರಿಸ್ಲಿ? ಗಂಡ ಹುಟ್ಟದಿದ್ರ ಬೀರಪ್ಪನ ಕಂಬಳಿ ಹೊರಾವ್ರು ಯಾರು? ನಾಳೆ ಹೋಗಿ ತಗಸ್ಕೊಂಡ ಬಾ.”

“ಹೋದ ಸಲ ಮೈಯೆಲ್ಲಾ ಬಾತು, ಫಿಟ್ಸ್ ಬಂದು, ಸಾಯೋದು ತಪ್ಪಿದ್ದು ನೀವ ನೋಡೀರಿ. ಇನ್ನೊಂದು ಹಡದ್ರ ಉಳಿಯಂಗಿಲ್ಲಂತ ಜಮಖಂಡಿ ಡಾಕ್ಟರ್ ನಿಮ್ಮ ಮುಂದನ ಹೇಳ್ಯಾರ. ನನಗ ಅಂಜಿಕಿ ಬರತೈತ್ರಿ. ನನ್ನ ಹುಡಿಗ್ಯಾರನ್ನ ಯಾರು ನೋಡ್ತಾರ?”

ಮಾಯವ್ವ ತೋಳು ಹಿಡಿದ ಕೈ ಸಡಿಲಿಸಿದಳು. ಸೊಸೆಗೆ ಜೀವ ಬಂದಂತಾಯಿತು.

“ನಾ ಮಂದಿಗೆಲ್ಲಾ ಹೇಳಿ ಆತು,” ಎಂದಳು ಅತ್ತೆ, ದನಿ ತಗ್ಗಿಸಿ. “ಕಡ್ಡಿ ತಗಸು, ಎರಡ್ಮೂರು ತಿಂಗಳು ತಡಾ ಆದ್ರ ಆಗ್ಲಿ. ಹೊಟ್ಟಿ ಮಾತ್ರ ಬರಬೇಕು.”

ಶೇವಂತಿ ಬಾಯಿ ಒರೆಸಿಕೊಳ್ಳುತ್ತ ಬಂದು ಕೂತಳು. ಮಾಯವ್ವ ಸೊಸೆಯ ತೋಳಿನ ಮೇಲೆ ಸೆರಗು ಎಳೆದಳು. ಬಳೆಗಾರ್ತಿ ತೊಡಿಸಲು ಎತ್ತಿದ ಬಳೆಯನ್ನು ಕಂಡು ಬೇಡವೆಂದು ಕೈ ಅಲ್ಲಾಡಿಸಿದಳು.

“ಅವು ಬ್ಯಾಡ, ಒಂದು ಅಳತಿ ದೊಡ್ಡವು ಹಾಕವಾ. ದಿನಾ ತುಂಬೂ ಹೊತ್ತಿಗೆ ಈಕಿ ಕೈ ಭಾಳ ಬಾಯ್ತಾವು.”